ಕರ್ಲಿಂಗ್: ಜೂನಿಯರ್ ಪಟ್ಟ ಗೆದ್ದವರೆಲ್ಲ ಆಮೇಲೆ ಎಲ್ಲಿ ಹೋಗ್ತಾರೆ?

ಪ್ರಶ್ನೆ: ಚಳಿಗಾಲದ ಒಲಿಂಪಿಕ್ಸ್ ಬಂದಾಗಲೆಲ್ಲ ಕರ್ಲಿಂಗ್ ನೋಡುತ್ತೇನೆ. ಒಂದು ತಂಡದಲ್ಲಿ 19 ವರ್ಷದ ಹುಡುಗಿ ಇರುತ್ತಾಳೆ, ಇನ್ನೊಂದರಲ್ಲಿ 40 ದಾಟಿದವರು ಇರುತ್ತಾರೆ. ಜೂನಿಯರ್ ಹಂತದಿಂದ ಇಲ್ಲಿಯವರೆಗೆ ಬರೋದು ಹೇಗೆ? ಜೂನಿಯರ್ ವಿಶ್ವ ಚಾಂಪಿಯನ್ ಆದರೆ ಮುಂದಿನ ದಾರಿ ಸಲೀಸಾ? ಎಷ್ಟು ವರ್ಷ ಹಿಡಿಯುತ್ತೆ? ಜೂನಿಯರ್ ಪಂದ್ಯ ನೋಡುವಾಗಲೇ ಇವರು ಮೇಲೆ ಬರ್ತಾರೆ ಅಂತ ಗುರುತಿಸಬಹುದಾ?

ಉತ್ತರ: ಸಲೀಸಂತೂ ಅಲ್ಲ. ಎಷ್ಟು ವರ್ಷ ಅನ್ನೋದಕ್ಕೆ ಎರಡು ಹೆಸರು ಹೇಳುತ್ತೇನೆ, ನೀವೇ ನೋಡಿ. ಸ್ವಿಟ್ಜರ್ಲೆಂಡಿನ ಸಿಲ್ವಾನಾ ತಿರಿಂಜೋನಿ 1999ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್. ದೊಡ್ಡವರ ವಿಶ್ವ ಚಾಂಪಿಯನ್‌ಷಿಪ್ ಅವರ ಕೈಗೆ ಸಿಕ್ಕಿದ್ದು 2019ರಲ್ಲಿ. ನಡುವೆ ಇಪ್ಪತ್ತು ವರ್ಷ! ಸಿಕ್ಕ ಮೇಲೆ ಬಿಡಲಿಲ್ಲ ಅನ್ನಿ. 2020ರ ಕೂಟ ಕೋವಿಡ್‌ನಿಂದ ರದ್ದಾಯಿತು, 2021, 2022, 2023 ಮೂರೂ ವರ್ಷ ಪಟ್ಟ ಅವರದ್ದೇ. ಇನ್ನೊಬ್ಬರು ಕೆನಡಾದ ಬ್ರಾಡ್ ಗುಶು. 2001ರಲ್ಲಿ ಜೂನಿಯರ್ ವಿಶ್ವ ಪಟ್ಟ, ಐದೇ ವರ್ಷಕ್ಕೆ 2006ರ ಟುರಿನ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಇವರದ್ದು ಸಲೀಸಾಯ್ತಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಕೆನಡಾದ ಪುರುಷರ ರಾಷ್ಟ್ರೀಯ ಕೂಟವಾದ ಬ್ರಯರ್ ಗೆಲ್ಲೋಕೆ ಅದೇ ಗುಶು 2017ರವರೆಗೆ ಕಾಯಬೇಕಾಯಿತು. ಒಲಿಂಪಿಕ್ಸ್ ಚಿನ್ನ ಮನೆಯಲ್ಲಿದ್ದೂ ಸ್ವಂತ ದೇಶದ ಪಟ್ಟ ಹನ್ನೊಂದು ವರ್ಷ ಕೈಗೆ ಸಿಗಲಿಲ್ಲ.

ಹೀಗಾಗೋದು ಯಾಕೆ? ನನ್ನ ಪ್ರಕಾರ ಕಾರಣ ಒಂದೇ. ಕರ್ಲಿಂಗ್‌ನಲ್ಲಿ ಒಬ್ಬ ಆಟಗಾರ ತಾನೊಬ್ಬನೇ ಮೇಲೆ ಬರೋಕೆ ಆಗುವುದಿಲ್ಲ. ನಾಲ್ಕು ಜನ ಒಟ್ಟಿಗೆ ಬರಬೇಕು. ಇಪ್ಪತ್ತೊಂದರ ವಯಸ್ಸಿನಲ್ಲಿ ನಾಲ್ಕು ಜನರನ್ನು ಒಂದೇ ಕಡೆ ಹಿಡಿದಿಡೋದು ಕಲ್ಲು ಬಿಡೋದಕ್ಕಿಂತ ಕಷ್ಟ.

ಆಟ ಗೊತ್ತಿಲ್ಲದವರಿಗಾಗಿ ಬೇಗ ಹೇಳಿ ಮುಗಿಸುತ್ತೇನೆ. ಶೀಟ್ ಅಂದರೆ ಸುಮಾರು 45 ಮೀಟರ್ ಉದ್ದದ ಐಸ್ ಪಟ್ಟಿ. ಆ ತುದಿಯಲ್ಲಿ 12 ಅಡಿ ಅಗಲದ ಬಳೆಗಳು, ಅದು ಹೌಸ್. ಅದರ ನಟ್ಟನಡುವೆ ಬಟನ್. ಕಲ್ಲು ಜಾರಿಸಿ ಬಟನ್ ಹತ್ತಿರ ನಿಲ್ಲಿಸೋದೇ ಆಟ, ಹತ್ತಿರದ ಕಲ್ಲು ಯಾರದ್ದೋ ಅಂಕ ಅವರಿಗೆ. ಕಲ್ಲು ಗ್ರಾನೈಟ್‌ನದು, ತೂಕ ಹೆಚ್ಚುಕಡಿಮೆ 18-19 ಕಿಲೋ. ಒಲಿಂಪಿಕ್ಸ್ ಕಲ್ಲುಗಳ ಗ್ರಾನೈಟ್ ಬರೋದು ಸ್ಕಾಟ್ಲೆಂಡಿನ ಪಕ್ಕದ ಏಲ್ಸಾ ಕ್ರೇಗ್ ಅನ್ನೋ ಪುಟ್ಟ ದ್ವೀಪದಿಂದ. ಒಂದೊಂದು ಎಂಡ್‌ನಲ್ಲಿ, ಅಂದರೆ ಸುತ್ತಿನಲ್ಲಿ, ತಂಡಕ್ಕೆ ಎಂಟು ಕಲ್ಲು, ಒಬ್ಬೊಬ್ಬರಿಗೆ ಎರಡು. ಲೀಡ್, ಸೆಕೆಂಡ್, ಥರ್ಡ್, ಕೊನೆಗೆ ಸ್ಕಿಪ್. ಹೌಸ್‌ನಲ್ಲಿ ನಿಂತು ಬ್ರಷ್ ಹಿಡಿದು ಗುರಿ ತೋರಿಸುವವರು ಸ್ಕಿಪ್. ಎಂಡ್‌ನ ಕೊನೆಯ ಕಲ್ಲು ಯಾರದ್ದೋ ಅವರ ಬಳಿ ಹ್ಯಾಮರ್ ಇದೆ ಅಂತಾರೆ. ಇಂಥ ಹತ್ತು ಎಂಡ್ ಮುಗಿದರೆ ಪಂದ್ಯ ಮುಗಿಯಿತು.

ಈಗ ಜೂನಿಯರ್‌ಗಳ ವಿಷಯ. ಕ್ಲಬ್‌ನಲ್ಲಿ ಶುರುವಾಗುತ್ತೆ, ಜಾಸ್ತಿ ಜನರಿಗೆ ಅಪ್ಪ ಅಮ್ಮನ ಮೂಲಕವೇ. ಸ್ಕಾಟ್ಲೆಂಡಿನ ಈವ್ ಮ್ಯೂರ್‌ಹೆಡ್ ಅವರ ತಂದೆ ಗೋರ್ಡನ್ ಸ್ವತಃ ವಿಶ್ವ ಚಾಂಪಿಯನ್. 1999ರಲ್ಲಿ ಹ್ಯಾಮಿ ಮೆಕ್‌ಮಿಲನ್ ಸ್ಕಿಪ್ ಆಗಿ ವಿಶ್ವ ಪಟ್ಟ ಗೆದ್ದ ತಂಡದಲ್ಲಿ ಅವರೂ ಇದ್ದರು. ಆ ಹ್ಯಾಮಿಯ ಮಗ, ಅವರೂ ಹ್ಯಾಮಿಯೇ, ಮುಂದೆ ಸ್ಕಾಟ್ಲೆಂಡಿನ ಸ್ಕಿಪ್ ಬ್ರೂಸ್ ಮೌಟ್ ತಂಡದಲ್ಲಿ ಆಡಿದವರು. ಈ ಆಟದಲ್ಲಿ ಮನೆತನಗಳು ಜಾಸ್ತಿ. ಚಿಕ್ಕಂದಿನಿಂದ ಐಸ್ ಮೇಲೆ ಓಡಾಡಿದವರಿಗೆ ಕಾಲಿನ ಹದ ಬೇಗ ಸಿಗುತ್ತೆ, ಅಷ್ಟೇ ವಿಷಯ.

ಆ ಹದವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆಟಗಾರ್ತಿ ಹ್ಯಾಕ್‌ನಲ್ಲಿ, ಅಂದರೆ ಐಸ್‌ನಲ್ಲಿ ಕೂರಿಸಿದ ರಬ್ಬರ್ ಮೆಟ್ಟಿನಲ್ಲಿ, ಒಂದು ಕಾಲಿಟ್ಟು ಕೂರುತ್ತಾಳೆ. ಕಲ್ಲನ್ನು ಸ್ವಲ್ಪ ಹಿಂದಕ್ಕೆಳೆದು ಮೆಟ್ಟನ್ನು ಒದ್ದು ಮುಂದೆ ಜಾರುತ್ತಾಳೆ. ಇನ್ನೊಂದು ಶೂ ತಳದಲ್ಲಿ ನುಣುಪಾದ ಸ್ಲೈಡರ್ ಇರುತ್ತೆ, ಇಡೀ ಮೈಭಾರ ಅದರ ಮೇಲೆ. ಕಲ್ಲಿನ ಮೇಲೆ ಭಾರ ಹಾಕುವ ಹಾಗಿಲ್ಲ. ಹಾಗ್ ಲೈನ್ ಬರುವ ಮುಂಚೆ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ ಬಿಡಬೇಕು. ಆ ತಿರುವಿನಿಂದಲೇ ಕಲ್ಲು ದಾರಿಯಲ್ಲಿ ಒಂದು ಕಡೆಗೆ ಬಾಗುತ್ತೆ, ಆಟಕ್ಕೆ ಕರ್ಲಿಂಗ್ ಅನ್ನೋ ಹೆಸರೂ ಅದರಿಂದಲೇ ಅಂತಾರೆ. ಬಿಡುವಾಗ ಬೆರಳು ಕಲ್ಲನ್ನು ಒಂಚೂರು ತಳ್ಳಿದರೂ ಆ ತುದಿಯಲ್ಲಿ ಲೆಕ್ಕ ತಪ್ಪುತ್ತೆ. ಪಕ್ಕದಲ್ಲಿ ಸ್ವೀಪರ್‌ಗಳು, ಅಂದರೆ ಕಲ್ಲಿನ ಮುಂದೆ ಬ್ರಷ್‌ನಿಂದ ಐಸ್ ಉಜ್ಜುವವರು, ಸ್ಟಾಪ್‌ವಾಚ್ ಹಿಡಿದಿರುತ್ತಾರೆ. ಹೌಸ್‌ನ ಹಿಂದಿನ ಗೆರೆಯಾದ ಬ್ಯಾಕ್ ಲೈನ್‌ನಿಂದ ಹಾಗ್ ಲೈನ್‌ವರೆಗೆ ಜಾರೋಕೆ ಎಷ್ಟು ಹೊತ್ತಾಯಿತು ಅಂತ ನೋಡೋದು, ಅದಕ್ಕೆ ಸ್ಪ್ಲಿಟ್ ಅಂತಾರೆ. ಸೆಕೆಂಡಿನ ಹತ್ತನೇ ಒಂದು ಭಾಗ ಆಚೀಚೆಯಾದರೂ ಕಲ್ಲು ನಿಲ್ಲುವ ಜಾಗ ಹಲವು ಅಡಿ ಬದಲಾಗುತ್ತೆ.

ಹದಿನೆಂಟರ ಹೊತ್ತಿಗೆ ಒಳ್ಳೆಯ ಜೂನಿಯರ್‌ಗಳಿಗೆ ಇದೆಲ್ಲ ಬಂದಿರುತ್ತೆ. ಎದುರಾಳಿಯ ಕಲ್ಲು ಹೊಡೆದು ಹಾರಿಸುವ ಟೇಕ್‌ಔಟ್‌ನಲ್ಲಂತೂ ಅವರು ದೊಡ್ಡವರಿಗೇನೂ ಕಡಿಮೆ ಇಲ್ಲ. ವ್ಯತ್ಯಾಸ ಕಾಣೋದು ಡ್ರಾದಲ್ಲಿ. ಕಲ್ಲನ್ನು ಮೆಲ್ಲಗೆ ಕಳಿಸಿ, ಹೌಸ್ ಮುಂದೆ ಅಡ್ಡ ನಿಂತ ಗಾರ್ಡ್ ಕಲ್ಲನ್ನು ಸುತ್ತಿಕೊಂಡು ಹೋಗಿ, ಬಟನ್ ಹತ್ತಿರ ನಿಲ್ಲಿಸಬೇಕು. ಅದಕ್ಕೆ ಕೈ ಸಾಲದು, ಐಸ್ ಓದೋಕೆ ಬರಬೇಕು. ಐಸ್ ಮೇಲೆ ನೀರಿನ ಸಣ್ಣ ಹನಿ ಚಿಮುಕಿಸಿ ಗಟ್ಟಿ ಮಾಡಿರುತ್ತಾರೆ, ಅದು ಪೆಬಲ್. ಕಲ್ಲು ಜಾರೋದು ಆ ಹನಿಗಳ ಮೇಲೆ. ಆಟ ನಡೆದಂತೆ ಹನಿಗಳು ಸವೆಯುತ್ತವೆ, ದಾರಿ ಬದಲಾಗುತ್ತೆ. ಮೂರನೇ ಎಂಡ್‌ನಲ್ಲಿ ನಾಲ್ಕು ಅಡಿ ಬಾಗಿದ ಕಲ್ಲು ಎಂಟನೇ ಎಂಡ್‌ನಲ್ಲೂ ಅಷ್ಟೇ ಬಾಗಬೇಕು ಅಂತೇನಿಲ್ಲ. ಸಾವಿರಾರು ಜನ ತುಂಬಿದ ಅರೀನಾದ ಐಸ್ ಕ್ಲಬ್ ಐಸ್‌ನ ಹಾಗೆ ಇರೋದೂ ಇಲ್ಲ. ಈ ಓದು ವರ್ಷಗಳ ಮೇಲೆ ಬರುವಂಥದ್ದು. ಕೋಚ್ ಹೇಳಿಕೊಟ್ಟರೆ ಬರೋದಿಲ್ಲ. ನೀವು ನೋಡಿದ 40 ದಾಟಿದವರು ಇನ್ನೂ ಅಲ್ಲಿರೋದು ಇದರ ಜೋರಿನ ಮೇಲೆ. ಗುಶು ಚಿನ್ನ ಗೆದ್ದಾಗ ಅವರ ತಂಡದಲ್ಲಿ 50 ವರ್ಷದ ರಸ್ ಹೊವಾರ್ಡ್ ಇದ್ದರು. ಕಲ್ಲು ಬಿಡುತ್ತಿದ್ದದ್ದು ಸೆಕೆಂಡ್ ಸ್ಥಾನದಲ್ಲಿ, ಆದರೆ ಹೌಸ್‌ನಲ್ಲಿ ನಿಂತು ಆಟ ನಡೆಸುತ್ತಿದ್ದದ್ದು ಅವರೇ. ಹುಡುಗರ ಕೈಗೆ ಅನುಭವಿಯ ಕಣ್ಣು ಸೇರಿತು.

ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್ ಗಂಡುಮಕ್ಕಳಿಗೆ 1975ರಿಂದ, ಹೆಣ್ಣುಮಕ್ಕಳಿಗೆ 1988ರಿಂದ ಇದೆ. ಕೂಟದ ಹಿಂದಿನ ವರ್ಷದ ಜೂನ್ 30ಕ್ಕೆ 21 ತುಂಬಿರಬಾರದು ಅನ್ನೋದು ನಿಯಮ. ಯೂತ್ ಒಲಿಂಪಿಕ್ಸ್‌ನಲ್ಲೂ 2012ರಿಂದ ಕರ್ಲಿಂಗ್ ಇದೆ. ಅಲ್ಲಿ ಹುಡುಗ ಹುಡುಗಿಯರು ಸೇರಿ ಆಡುವ ಮಿಶ್ರ ತಂಡಗಳು. ಜೂನಿಯರ್ ವಿಶ್ವ ಪಟ್ಟ ಗೆದ್ದವರ ಪಟ್ಟಿ ನೋಡಿದರೆ ಮುಂದಿನ ದೊಡ್ಡ ಹೆಸರುಗಳು ಸಾಲಾಗಿ ಸಿಗುತ್ತವೆ. ಸ್ವೀಡನ್ನಿನ ನಿಕ್ಲಾಸ್ ಎಡಿನ್ 2004, ಅದೇ ದೇಶದ ಆನ್ನಾ ಹಾಸೆಲ್‌ಬೋರ್ಗ್ 2010, ಸ್ಕಾಟ್ಲೆಂಡಿನ ಬ್ರೂಸ್ ಮೌಟ್ 2016. ಈವ್ ಮ್ಯೂರ್‌ಹೆಡ್ ನಾಲ್ಕು ಸಲ ಗೆದ್ದರು: 2007, 2008, 2009, 2011. ಇದನ್ನು ನೋಡಿ ಜೂನಿಯರ್ ಪಟ್ಟ ಅಂದರೆ ಮೇಲಿನ ಹಂತದ ಟಿಕೆಟ್ ಅಂದುಕೊಳ್ಳಬೇಡಿ. ಅದೇ ಪಟ್ಟಿಯಲ್ಲಿ ಆಮೇಲೆ ಹೆಸರೇ ಕೇಳದವರೂ ಬೇಕಾದಷ್ಟಿದ್ದಾರೆ. ನಮಗೆ ಕಾಣೋದು ಉಳಿದುಕೊಂಡವರು ಮಾತ್ರ.

ಉಳಿದವರು ಎಲ್ಲಿ ಹೋಗ್ತಾರೆ? ಹಾಗೆ ನೋಡಿದರೆ ನಿಮ್ಮ ಪ್ರಶ್ನೆಯ ಜೀವ ಇಲ್ಲೇ ಇದೆ. 21 ದಾಟಿದ ಕೂಡಲೇ ಜೂನಿಯರ್ ತಂಡ ಒಡೆಯುತ್ತೆ. ಒಬ್ಬರಿಗೆ ಬೇರೆ ಊರಲ್ಲಿ ಕಾಲೇಜು, ಒಬ್ಬರಿಗೆ ಕೆಲಸ, ಇನ್ನೊಬ್ಬರಿಗೆ ಸುಮ್ನೆ ಸಾಕಾಗಿರುತ್ತೆ. ತಂಡದಲ್ಲಿ ಚಿಕ್ಕವರಿದ್ದರೆ ಅವರು ಇನ್ನೂ ಒಂದೆರಡು ವರ್ಷ ಜೂನಿಯರ್ ಆಡಬಹುದು, ದೊಡ್ಡವರು ಆಡುವ ಹಾಗಿಲ್ಲ. ಎದುರಾಳಿಗಳೂ ಬದಲಾಗುತ್ತಾರೆ. ನಿನ್ನೆವರೆಗೆ ಓರಗೆಯವರ ಜೊತೆ ಆಡಿದವರಿಗೆ ಇವತ್ತು ಎದುರಿಗೆ ಹದಿನೈದು ವರ್ಷ ಒಟ್ಟಿಗೆ ಆಡಿದ ಜೋಡಿ. ದೊಡ್ಡ ಕೂಟಗಳಿಗೆ ಪ್ರವೇಶ ರ‍್ಯಾಂಕಿಂಗ್ ಮೇಲೆ, ರ‍್ಯಾಂಕಿಂಗ್ ಅಂಕ ಬೇಕಾದರೆ ಕೂಟಗಳಲ್ಲಿ ಆಡಬೇಕು. ಹೊಸ ತಂಡ ವಾರಾಂತ್ಯಗಳಲ್ಲಿ ಸಣ್ಣ ಕೂಟಗಳಿಗೆ ಕೈಯಿಂದ ದುಡ್ಡು ಹಾಕಿ ಓಡಾಡಬೇಕು. ಪ್ರಯಾಣ, ಹೋಟೆಲ್, ಪ್ರವೇಶ ಶುಲ್ಕ ಎಲ್ಲ ನಾಲ್ಕು ಜನರದ್ದು. ಬಹುಮಾನ ಬಂದರೂ ನಾಲ್ಕು ಪಾಲು. ಗ್ರ್ಯಾಂಡ್ ಸ್ಲ್ಯಾಮ್ ಅನ್ನೋ ದೊಡ್ಡ ಬಹುಮಾನದ ಸರಣಿ 2001ರಿಂದ ಇದೆ, ಆದರೆ ಅಲ್ಲಿಗೆ ಬರೋದು ಮೇಲಿನ ರ‍್ಯಾಂಕಿನವರು ಮಾತ್ರ.

ಹಾಗಾಗಿ ಈ ಆಟದಲ್ಲಿ ಕೆಲಸ ಮಾಡಿಕೊಂಡೇ ಆಡಿದವರು ಬಹಳ. 2014ರ ಸೋಚಿಯಲ್ಲಿ ಒಂದೂ ಪಂದ್ಯ ಸೋಲದೆ ಚಿನ್ನ ಗೆದ್ದ ಕೆನಡಾದ ಜೆನಿಫರ್ ಜೋನ್ಸ್ ವಕೀಲೆ. 1994ರಲ್ಲೇ ದೇಶದ ಜೂನಿಯರ್ ಚಾಂಪಿಯನ್ ಆದವರು ಅವರು. ಜೂನಿಯರ್ ಪಟ್ಟದಿಂದ ಒಲಿಂಪಿಕ್ಸ್ ಚಿನ್ನಕ್ಕೆ 20 ವರ್ಷ. ಬ್ರಿಟನ್ನಿನ ವಿಕಿ ರೈಟ್ ನರ್ಸ್, ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಕೆಲಸಕ್ಕೆ ವಾಪಸ್ ಹೋಗಿದ್ದವರು. ಸ್ಕಾಟ್ಲೆಂಡ್ ಬೇರೆ ದಾರಿ ಹಿಡಿಯಿತು. ಸ್ಟರ್ಲಿಂಗ್‌ನಲ್ಲಿ 2017ರಲ್ಲಿ ರಾಷ್ಟ್ರೀಯ ಕರ್ಲಿಂಗ್ ಅಕಾಡೆಮಿ ತೆರೆದು, ಆಯ್ಕೆಯಾದವರಿಗೆ ಆಟವೇ ಕೆಲಸವಾಗುವಂತೆ ಮಾಡಿದರು. ಮೌಟ್, ಗ್ರ್ಯಾಂಟ್ ಹಾರ್ಡಿ, ಬಾಬಿ ಲ್ಯಾಮಿ, ಹ್ಯಾಮಿ ಮೆಕ್‌ಮಿಲನ್ ನಾಲ್ವರೂ 2017ರಿಂದ ಜೊತೆಯಲ್ಲೇ ಆಡಿದವರು. 2022ರಲ್ಲಿ ಬೀಜಿಂಗ್‌ನಲ್ಲಿ ಬೆಳ್ಳಿ, 2023 ಮತ್ತು 2025ರಲ್ಲಿ ವಿಶ್ವ ಪಟ್ಟ. ಆ ಒಗ್ಗಟ್ಟಿಗೆ ಸಂಬಳದ ಪಾಲೂ ಇದೆ ಅಂತ ನಾನು ಒತ್ತಿ ಹೇಳುತ್ತೇನೆ. ಬರೀ ಸ್ನೇಹ ಅಂತ ಹೇಳಿದರೆ ಕೇಳೋಕೆ ಚೆಂದ, ಅಷ್ಟೇ.

ಇನ್ನೊಂದು ಇಕ್ಕಟ್ಟು ಲೆಕ್ಕದ್ದು. 2022ರಲ್ಲಿ ಒಲಿಂಪಿಕ್ಸ್‌ಗೆ ಪುರುಷರಲ್ಲಿ ಹತ್ತು ತಂಡ, ಮಹಿಳೆಯರಲ್ಲಿ ಹತ್ತು. ಒಂದು ದೇಶದಿಂದ ಒಂದೇ ತಂಡ. ಕೆನಡಾದಂಥ ದೇಶದಲ್ಲಿ ವಿಶ್ವಮಟ್ಟದ ಐದಾರು ತಂಡಗಳಿದ್ದರೂ ಟ್ರಯಲ್ಸ್‌ನಲ್ಲಿ ಗೆದ್ದ ಒಂದೇ ತಂಡಕ್ಕೆ ಅವಕಾಶ, ಉಳಿದವರು ಇನ್ನೂ ನಾಲ್ಕು ವರ್ಷ ಕಾಯಬೇಕು. ಕೆವಿನ್ ಮಾರ್ಟಿನ್ 1985ರಲ್ಲಿ ಕೆನಡಾದ ಜೂನಿಯರ್ ಚಾಂಪಿಯನ್. 2002ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಕೊನೆಯ ಕಲ್ಲು ಕೈಕೊಟ್ಟು ನಾರ್ವೆಗೆ ಸೋತರು. ಚಿನ್ನ ಸಿಕ್ಕಿದ್ದು 2010ರ ವ್ಯಾಂಕೂವರ್‌ನಲ್ಲಿ, 43ರ ವಯಸ್ಸಿನಲ್ಲಿ. ಕರ್ಲಿಂಗ್ ಜನ ಕಾಲವನ್ನು ವರ್ಷದಲ್ಲಿ ಎಣಿಸೋದಿಲ್ಲ, ನಾಲ್ಕು ವರ್ಷದ ಕಂತಿನಲ್ಲಿ ಎಣಿಸುತ್ತಾರೆ. ಒಲಿಂಪಿಕ್ಸ್ ಮುಗಿದ ವಸಂತದಲ್ಲಿ ತಂಡಗಳು ಒಡೆದು ಮತ್ತೆ ಕೂಡುವ ಗಲಾಟೆ ನೋಡಬೇಕು ನೀವು. ಯಾರು ಯಾರ ಜೊತೆ ಹೋದರು ಅನ್ನೋ ಸುದ್ದಿಯೇ ಒಂದು ತಿಂಗಳು ಓಡುತ್ತೆ.

ಆಗ ಎದುರಾಗುವ ದೊಡ್ಡ ಪ್ರಶ್ನೆ: ಯಾವ ಸ್ಥಾನ? ಜೂನಿಯರ್‌ನಲ್ಲಿ ಸ್ಕಿಪ್ ಆಗಿದ್ದವರೆಲ್ಲ ಮುಂದೆಯೂ ಸ್ಕಿಪ್ ಆಗೋಕೆ ಆಗೋದಿಲ್ಲ. ಸ್ಕಿಪ್ ಬೇಕಾಗಿರೋದು ತಂಡಕ್ಕೆ ಒಬ್ಬರೇ. ಈ ಮಾತನ್ನು ಒಪ್ಪದೆ ಹಟ ಹಿಡಿದವರು ಅನೇಕರು ಅಲ್ಲೇ ನಿಂತುಹೋಗ್ತಾರೆ. ತಿರಿಂಜೋನಿಯವರನ್ನೇ ನೋಡಿ. ಅವರ ವಿಶ್ವ ಪಟ್ಟಗಳ ತಂಡದಲ್ಲಿ ಸ್ಕಿಪ್ ಅವರೇ, ಆದರೆ ಕೊನೆಯ ಎರಡು ಕಲ್ಲು ಬಿಡುತ್ತಿದ್ದವರು ಆಲಿನಾ ಪೆಟ್ಸ್. ಆಟ ಓದೋದು ಒಬ್ಬರು, ಒತ್ತಡದ ಕಲ್ಲು ಬಿಡೋದು ಇನ್ನೊಬ್ಬರು. ಸ್ವಂತ ಕೈಯಿಂದ ಹ್ಯಾಮರ್ ಬಿಟ್ಟುಕೊಟ್ಟು ನಾಲ್ಕು ಪಟ್ಟ ಗೆದ್ದರು.

ಅಮೆರಿಕದ ಜಾನ್ ಶುಸ್ಟರ್ ಹೋದದ್ದು ಇದಕ್ಕೆ ತಿರುಗಾ ದಾರಿಯಲ್ಲಿ. 2006ರಲ್ಲಿ ಲೀಡ್ ಆಗಿ ಒಲಿಂಪಿಕ್ಸ್ ಕಂಚು. ಆಮೇಲೆ ಸ್ವಂತ ತಂಡ ಕಟ್ಟಿ ಸ್ಕಿಪ್ ಆದರು. 2010ರಲ್ಲಿ ಕೆಟ್ಟದಾಗಿ ಸೋತರು, ನಡುವೆ ಒಂದು ಪಂದ್ಯಕ್ಕೆ ಅವರನ್ನೇ ಹೊರಗೆ ಕೂರಿಸಿದರು. 2014ರಲ್ಲಿ ಒಂಬತ್ತನೇ ಸ್ಥಾನ. ದೇಶದ ವಿಶೇಷ ತರಬೇತಿ ತಂಡಕ್ಕೆ ಆಯ್ಕೆಯೇ ಆಗಲಿಲ್ಲ. ಆಯ್ಕೆಯಾಗದ ಇನ್ನು ಕೆಲವರನ್ನು ಸೇರಿಸಿಕೊಂಡು ತಾವೇ ಒಂದು ತಂಡ ಮಾಡಿದರು. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಮೊದಲ ಆರು ಪಂದ್ಯಗಳಲ್ಲಿ ನಾಲ್ಕು ಸೋತು, ಕಥೆ ಮುಗೀತು ಅನ್ನುವಾಗ ಎದ್ದರು. ಫೈನಲ್‌ನಲ್ಲಿ ಎಡಿನ್ ತಂಡದ ಮೇಲೆ ಎಂಟನೇ ಎಂಡ್‌ನಲ್ಲಿ ಒಮ್ಮೆಗೇ ಐದು ಅಂಕ ಬಾಚಿ 10-7ಕ್ಕೆ ಚಿನ್ನ ಗೆದ್ದರು. ಲೀಡ್ ಆಗಿ ಕಲಿತ ಸ್ವೀಪಿಂಗ್, ಕಲ್ಲಿನ ವೇಗದ ಅಂದಾಜು ಎಲ್ಲ ಸ್ಕಿಪ್ ಆದಾಗ ಉಪಯೋಗಕ್ಕೆ ಬರುತ್ತೆ. ಅದಕ್ಕೇ ಜೂನಿಯರ್ ದಾಟಿದವರಿಗೆ ನಾನು ಹೇಳೋದು, ನಿಮಗಿಂತ ದೊಡ್ಡವರ ತಂಡದಲ್ಲಿ ಲೀಡ್ ಆಗಿ ಕರೆದರೆ ಯೋಚನೆ ಮಾಡದೆ ಹೋಗಿ.

ಸ್ವೀಪಿಂಗ್ ಅಂದರೆ ನೆಲ ಉಜ್ಜೋದು ಅಂತ ನಗುವವರಿದ್ದಾರೆ. ಉಜ್ಜಿದಾಗ ಐಸ್‌ನ ಮೇಲ್ಮೈ ಒಂಚೂರು ಬಿಸಿಯಾಗಿ ತಿಕ್ಕಾಟ ಕಡಿಮೆಯಾಗುತ್ತೆ. ಕಲ್ಲು ದೂರ ಹೋಗುತ್ತೆ, ನೇರವಾಗಿ ಹೋಗುತ್ತೆ. ಅದರ ತಾಕತ್ತು ಎಷ್ಟು ಅಂದರೆ 2015-16ರ ಋತುವಿನಲ್ಲಿ ಹೊಸ ಬಗೆಯ ಬ್ರಷ್ ಬಟ್ಟೆ ಬಂದು ಸ್ವೀಪರ್‌ಗಳು ಕಲ್ಲನ್ನು ಬೇಕಾದ ಕಡೆ ತಿರುಗಿಸುವ ಹಾಗಾಯಿತು. ಆಟಗಾರರೇ ಬೇಡ ಅಂದರು. ಕೊನೆಗೆ ಬ್ರಷ್ ಬಟ್ಟೆಗೇ ನಿಯಮ ಬಂತು. ಈಗ ಮೇಲಿನ ಹಂತದ ಲೀಡ್, ಸೆಕೆಂಡ್‌ಗಳು ಜಿಮ್‌ನಲ್ಲಿ ಕಳೆಯುವ ಹೊತ್ತು ಸಣ್ಣದಲ್ಲ. ಜೂನಿಯರ್‌ನಲ್ಲಿ ಮೈ ತಡೆಯುತ್ತೆ. ಆಮೇಲೆ ಸೊಂಟ, ಮೊಣಕಾಲು, ಬೆನ್ನು ಲೆಕ್ಕ ಕೇಳೋಕೆ ಶುರು ಮಾಡುತ್ತವೆ. ಎಡಿನ್ ಹಲವು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೇ ಏಳು ವಿಶ್ವ ಪಟ್ಟ ಗೆದ್ದರು. ಒಲಿಂಪಿಕ್ಸ್‌ನಲ್ಲಿ 2014ಕ್ಕೆ ಕಂಚು, 2018ಕ್ಕೆ ಬೆಳ್ಳಿ, 2022ಕ್ಕೆ ಚಿನ್ನ.

ಇಡೀ ದಾರಿಯನ್ನು ಒಬ್ಬರ ಮೇಲೇ ನೋಡಬೇಕು ಅಂದರೆ ನಾನು ಆರಿಸೋದು ಈವ್ ಮ್ಯೂರ್‌ಹೆಡ್. ನೀವು ಹೇಳಿದ 19 ವರ್ಷದ ಹುಡುಗಿ 2010ರ ವ್ಯಾಂಕೂವರ್‌ನಲ್ಲಿ ಅವರೇ. ಮೂರು ಜೂನಿಯರ್ ವಿಶ್ವ ಪಟ್ಟ ಹಿಡಿದು ಬಂದು ಬ್ರಿಟನ್ನಿನ ಸ್ಕಿಪ್ ಆಗಿದ್ದರು. ಸೆಮಿಫೈನಲ್‌ಗೂ ಹೋಗಲಿಲ್ಲ. ಮುಂದಿನ ವರ್ಷ ವಾಪಸ್ ಬಂದು ಜೂನಿಯರ್ ಆಡಿ ನಾಲ್ಕನೇ ಪಟ್ಟ ಗೆದ್ದರು. ಒಲಿಂಪಿಕ್ಸ್ ಆಡಿ ಬಂದವರು ಮತ್ತೆ ಜೂನಿಯರ್! ನನಗಂತೂ ಅದು ಬಹಳ ಇಷ್ಟವಾದ ನಿರ್ಧಾರ. 2013ರಲ್ಲಿ ದೊಡ್ಡವರ ವಿಶ್ವ ಪಟ್ಟ, 2014ರಲ್ಲಿ ಒಲಿಂಪಿಕ್ಸ್ ಕಂಚು.

2018ರ ಕಂಚಿನ ಪಂದ್ಯ ಜಪಾನ್ ಮೇಲೆ. ಹತ್ತನೇ ಎಂಡ್, ಒಂದು ಅಂಕ ಹಿಂದೆ, ಹ್ಯಾಮರ್ ಈವ್ ಕೈಯಲ್ಲಿ. ಒಂದು ಅಂಕ ತೆಗೆದುಕೊಂಡು ಹೆಚ್ಚುವರಿ ಎಂಡ್‌ಗೆ ಹೋಗಬಹುದಿತ್ತು. ಎರಡು ತೆಗೆದು ಅಲ್ಲೇ ಮುಗಿಸೋಣ ಅಂತ ಕಷ್ಟದ ಹೊಡೆತಕ್ಕೆ ಹೋದರು. ಕಲ್ಲುಗಳು ಬಡಿದು ಚದುರಿ, ಬಟನ್ ಹತ್ತಿರ ಉಳಿದದ್ದು ಜಪಾನ್ ಕಲ್ಲು. 5-3ಕ್ಕೆ ಕಂಚು ಜಪಾನಿಗೆ. ಈ ನಿರ್ಧಾರ ಸರಿಯೋ ತಪ್ಪೋ ಅಂತ ಇವತ್ತಿಗೂ ವಾದ ಮಾಡುವವರಿದ್ದಾರೆ. ಹೆಚ್ಚುವರಿ ಎಂಡ್‌ಗೆ ಹೋಗಿದ್ದರೆ ಹ್ಯಾಮರ್ ಜಪಾನಿಗೆ ಹೋಗುತ್ತಿತ್ತು ಅನ್ನೋದನ್ನು ಬೈಯುವವರು ಮರೆಯುತ್ತಾರೆ. ನಾನಾಗಿದ್ದರೂ ಎರಡಕ್ಕೇ ಹೋಗು ಅನ್ನುತ್ತಿದ್ದೆ.

ಆಮೇಲೆ ಸೊಂಟದ ಶಸ್ತ್ರಚಿಕಿತ್ಸೆ, ತಂಡ ಚದುರಿತು. 2021ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎಂಟನೇ ಸ್ಥಾನ, ಒಲಿಂಪಿಕ್ಸ್‌ಗೆ ನೇರ ಪ್ರವೇಶ ಮೊದಲ ಆರಕ್ಕೆ ಮಾತ್ರ. ಬ್ರಿಟನ್ ಒಂಬತ್ತು ಜನರ ಗುಂಪು ಮಾಡಿ, ಬೇರೆ ಬೇರೆ ಜೋಡಣೆ ಆಡಿಸಿ ನೋಡಿ ತಂಡ ಆರಿಸಿತು. 2018ರವರಲ್ಲಿ ಉಳಿದದ್ದು ಈವ್ ಒಬ್ಬರೇ. ಡಿಸೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಲೆವಾರ್ಡನ್‌ನಲ್ಲಿ ನಡೆದ ಅರ್ಹತಾ ಕೂಟದಲ್ಲಿ ಅಂತೂ ಜಾಗ ಸಿಕ್ಕಿತು. ಬೀಜಿಂಗ್ ಸೆಮಿಫೈನಲ್‌ನ ಮೊದಲ ಎಂಡ್‌ನಲ್ಲೇ ಸ್ವೀಡನ್ ನಾಲ್ಕು ಅಂಕ ಹೊಡೆಯಿತು. ಆ ಪಂದ್ಯ ಹೆಚ್ಚುವರಿ ಎಂಡ್‌ನಲ್ಲಿ 12-11ಕ್ಕೆ ಬ್ರಿಟನ್ ಪಾಲಾಯಿತು. ಫೈನಲ್‌ನಲ್ಲಿ ಅದೇ ಜಪಾನ್ ಮೇಲೆ 10-3ಕ್ಕೆ ಗೆದ್ದು ಚಿನ್ನ. ಮೊದಲ ಜೂನಿಯರ್ ಪಟ್ಟದಿಂದ ಹದಿನೈದು ವರ್ಷ. ಆ ಆಗಸ್ಟ್‌ನಲ್ಲೇ ಆಟ ಬಿಟ್ಟರು, ಆಗ ಅವರಿಗೆ 32.

ಇತ್ತೀಚೆಗೆ ಇನ್ನೊಂದು ದಾರಿ ತೆರೆದಿದೆ. ಇಬ್ಬರೇ ಆಡುವ ಮಿಶ್ರ ಡಬಲ್ಸ್ 2018ರಿಂದ ಒಲಿಂಪಿಕ್ಸ್‌ನಲ್ಲಿದೆ. ನಾಲ್ಕು ಜನ ಹೊಂದಿಸಲಾಗದ ಸಣ್ಣ ದೇಶಗಳಿಗೆ, ತಂಡ ಒಡೆದ ಆಟಗಾರರಿಗೆ ಇದು ವರ. 2022ರಲ್ಲಿ ಇಟಲಿಯ ಸ್ಟೆಫಾನಿಯಾ ಕಾನ್ಸ್ಟಾಂಟಿನಿ ಮತ್ತು ಆಮೋಸ್ ಮೊಸಾನೆರ್ ಹನ್ನೊಂದಕ್ಕೆ ಹನ್ನೊಂದೂ ಪಂದ್ಯ ಗೆದ್ದು ಚಿನ್ನ ತಂದರು.

ಇನ್ನು ಜೂನಿಯರ್ ಪಂದ್ಯದಲ್ಲಿ ಗುರುತಿಸೋದು ಹೇಗೆ ಅಂತ ಕೇಳಿದ್ದೀರಿ. ಎರಡು ಮೂರು ಕಲ್ಲು ಒಮ್ಮೆಗೆ ಹಾರಿಸುವ ಹೊಡೆತ ನೋಡಿ ಮರುಳಾಗಬೇಡಿ, ಅದು ಈಗ ತುಂಬಾ ಜನಕ್ಕೆ ಬರುತ್ತೆ. ಒಂಬತ್ತನೇ ಎಂಡ್‌ನಲ್ಲಿ, ಸವೆದ ಐಸ್ ಮೇಲೆ, ಬಟನ್ ಸುತ್ತಲಿನ ನಾಲ್ಕು ಅಡಿ ಬಳೆಯೊಳಗೆ ಡ್ರಾ ನಿಲ್ಲಿಸುವವರು ಯಾರು ನೋಡಿ. ಸ್ವೀಪರ್‌ಗಳನ್ನು ನೋಡಿ: ಕಲ್ಲು ಕೈಬಿಟ್ಟ ಒಂದೆರಡು ಸೆಕೆಂಡಿನಲ್ಲೇ ಎಲ್ಲಿ ನಿಲ್ಲುತ್ತೆ ಅಂತ ಕೂಗಿ ಹೇಳುತ್ತಾರಾ, ಹೇಳಿದ್ದು ಸರಿಯಾಗುತ್ತಾ? ಕಲ್ಲು ತಪ್ಪಿದಾಗ ಸ್ಕಿಪ್ ತನ್ನ ಲೀಡ್ ಕಡೆ ಕಣ್ಣು ಕೆಂಪು ಮಾಡುತ್ತಾನಾ, ಇಲ್ಲ ಮುಂದಿನ ಕಲ್ಲಿಗೆ ಬ್ರಷ್ ಎಲ್ಲಿಡಬೇಕು ಅಂತ ಅವರನ್ನೇ ಕೇಳುತ್ತಾನಾ? ಕೇಳುವವನ ಹೆಸರು ಬರೆದಿಟ್ಟುಕೊಳ್ಳಿ. ಇನ್ನು ಐದಾರು ವರ್ಷ ಆದ ಮೇಲೆ ತೆಗೆದು ನೋಡಿ.